ಪೆಡಲ್ ಒತ್ತಿ ಹಿಡಿದದ್ದು

ಆಂಬುಲೆನ್ಸ್ ಬರಲಿಲ್ಲ, ಅಮ್ಮನಿಗೆ ಉಸಿರಾಡಲೇ ಆಗುತ್ತಿರಲಿಲ್ಲ. ಒಂಬತ್ತು ವರ್ಷ ಶೆಡ್ಡಿನಲ್ಲಿ ನಿಂತಿದ್ದ ನಮ್ಮ ಪಿಕಪ್ ಹೇಗೋ ಸ್ಟಾರ್ಟ್ ಆಯಿತು, ಬ್ರೇಕ್ ಮಾತ್ರ ಹಿಡಿಯಲಿಲ್ಲ. ಬ್ರೇಕ್ ಪೈಪಿನ ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಸ್ಕ್ರೂ ಸಡಿಲಿಸಿ ಬಿಗಿಯಬೇಕು. ಹೆಂಡತಿಯನ್ನು ಕೂಗಿ ಗಾಡಿಯಡಿ ನುಸುಳಿದೆ. ಮೇಲೆ ಕ್ಯಾಬಿನ್ ಬಾಗಿಲು ಹಾಕಿಕೊಂಡ ಸದ್ದಾಯಿತು.

“ಒತ್ತು. ಏನೇ, ಇರುವೆ ತುಳೀತಿದ್ದೀಯಾ? ಜೋರಾಗಿ!”

ಪೆಡಲ್ ಕಿರುಗುಟ್ಟಿತು. ಬಿಸಿಲಿನ ಹೊತ್ತಲ್ಲೂ ಬೆರಳಿಗೆ ಇಳಿದ ಬ್ರೇಕ್ ಎಣ್ಣೆ ಮಂಜಿನಂತೆ ಕೊರೆಯುತ್ತಿತ್ತು. ನಾಲ್ಕನೆಯ ಚಕ್ರದ ಸ್ಕ್ರೂ ಬಿಗಿಯುವಾಗ ಹೆಂಡತಿಯ ದನಿ ಮನೆಯೊಳಗಿಂದ ಬಂತು: “ರೀ, ಎಷ್ಟು ಕೂಗ್ತೀರಿ! ಅತ್ತೆ ಕೈ ಬಿಡ್ತಿಲ್ಲ, ನಾನು ಹೇಗೆ ಬರ್ಲಿ?”

ಹೊರಬಂದು ನೋಡಿದೆ. ಕ್ಯಾಬಿನ್ ಖಾಲಿ. ಪೆಡಲ್ ಮಾತ್ರ ತಳಕ್ಕೆ ಒತ್ತಿಕೊಂಡೇ ಇತ್ತು.

“ಬಿಡು,” ಎಂದೆ.

ನಿಧಾನವಾಗಿ ಮೇಲೆ ಬಂತು.

ಅಮ್ಮನನ್ನು ಅದರಲ್ಲೇ ಮಲಗಿಸಿದೆ. ಬೇರೆ ಗಾಡಿ ಇರಲಿಲ್ಲ.