ಪೂರ್ವಪಕ್ಷದ ಓಲೆ

ವರದಾ ನದಿಯ ತಿರುವಿನಲ್ಲಿ ಕೆಂಗಲ್ಲಿನ ಕೋಟೆಯನ್ನು ಧರಿಸಿ ನಿಂತಿದ್ದ ಸಿಂಹಗಿರಿ ರಾಜಧಾನಿಯಲ್ಲಿ ಅಂದು ಪಟ್ಟದಾನೆಗಳು ಎಂದಿನಂತೆ ನೀರಿಗಿಳಿಯುತ್ತಿದ್ದವು, ಹೂವಾಡಗಿತ್ತಿಯರು ಬೀದಿಯುದ್ದಕ್ಕೂ ಸುರಗಿಯ ರಾಶಿ ಹರವುತ್ತಿದ್ದರು. ನ್ಯಾಯಶಾಸ್ತ್ರವನ್ನು ಕಲಿಸುವ ಮಹಾಶಾಲೆಯ ಬಾಗಿಲಿಗೆ ಮಾತ್ರ ಅರಮನೆಯ ಮುದ್ರೆ ಬಿದ್ದಿತ್ತು. ತೀರ್ಥಯಾತ್ರೆಯಿಂದ ಆಗತಾನೆ ಮರಳಿದ ಆಚಾರ್ಯ ಏಚಿಮಯ್ಯನಿಗೆ ಕಾವಲುಗಾರನು ತಲೆತಗ್ಗಿಸಿ ಹೇಳಿದನು: "ತಮ್ಮ ಶಿಷ್ಯರಾದ ಕೇತಯ್ಯನವರನ್ನು ರಾಜದ್ರೋಹಿಯೆಂದು ಸೆರೆಗೆ ಒಯ್ದು ಮೂರು ದಿನವಾಯಿತು, ಸ್ವಾಮಿ."

ಕಾಲಿನ ಧೂಳನ್ನೂ ತೊಳೆಯದೆ ವೃದ್ಧನು ರಾಜಸಭೆಗೆ ನಡೆದನು.

ಮಹಾಪ್ರಧಾನ ರೇವರಸನು ಓಲೆಯೊಂದನ್ನು ಎತ್ತಿಹಿಡಿದು ಓದಿದನು: "'ದತ್ತುಪುತ್ರನಿಗೆ ಸಿಂಹಾಸನದ ಅಧಿಕಾರವಿಲ್ಲ.' ದತ್ತುಬಂದ ಪ್ರಭುಗಳು ಆಳುತ್ತಿರುವಾಗ ಕೇತಯ್ಯ ಬರೆದದ್ದು ಇದು!" ಪ್ರಧಾನನು ತನ್ನ ಅಳಿಯನ ಹೆಸರಿಗೆ ಹುಟ್ಟಿಸಿದ ಸುಳ್ಳು ದಾನಶಾಸನವನ್ನು ಏಚಿಮಯ್ಯನು ಒಪ್ಪದ ದಿನದಿಂದ ಅವನ ಎದೆಯಲ್ಲಿ ಹಗೆ ಹೊಗೆಯಾಡುತ್ತಿತ್ತು, ಶಿಷ್ಯನ ಬಾಯಿಂದ ಗುರುವಿನ ಹೆಸರನ್ನು ಹೊರಡಿಸುವುದೇ ಅವನ ಹೂಟವಾಗಿತ್ತು.

ಏಚಿಮಯ್ಯನು ಅರಸನಿಗೆ ಕೈಮುಗಿದನು. "ಪ್ರಭು, ಓಲೆಯ ತಲೆಯಲ್ಲೊಂದು ಪದವಿದೆ. ಪ್ರಧಾನರು ಅದನ್ನು ಬಿಟ್ಟು ಓದಿದರು. 'ಪೂರ್ವಪಕ್ಷ'."

"ಅದರ ಅರ್ಥವೇನು, ಆಚಾರ್ಯರೆ?" ಎಂದು ತರುಣ ಅರಸ ಬೀರರಸನು ಕೇಳಿದನು.

"ನ್ಯಾಯಪೀಠದ ಮುಂದೆ ವಾದಿಯು ಮಂಡಿಸುವ ಮೊದಲ ಹೇಳಿಕೆಗೆ ಆ ಹೆಸರು, ಅಲ್ಲಿ ಆಡಿದವನು ತನ್ನ ಮಾತಿಗೆ ಬದ್ಧ. ಶಾಲೆಯಲ್ಲಿ ಹಾಗಲ್ಲ. ವಾದದ ಅಭ್ಯಾಸದಲ್ಲಿ ಎದುರಾಳಿಯ ಮಾತನ್ನು ನಾವೇ, ಅವನಿಗಿಂತ ಚೆನ್ನಾಗಿ ಆಡಿ, ಆಮೇಲೆ ಖಂಡಿಸುತ್ತೇವೆ. ಪ್ರಭುಗಳ ಹಕ್ಕನ್ನು ನಾಳೆ ಯಾರಾದರೂ ಪ್ರಶ್ನಿಸಿದರೆ ಉತ್ತರಿಸಬಲ್ಲವರಿರಲೆಂದು ಆ ವಿಷಯ ಕೊಟ್ಟವನು ನಾನು. ದಂಡನೆ ನನಗಿರಲಿ."

"ಪದದ ಮರೆಯಲ್ಲಿ ಅವಿತುಕೊಳ್ಳುವುದು ಸುಲಭ," ಎಂದು ರೇವರಸನು ನಕ್ಕನು.

"ಹಾಗಾದರೆ ತಮ್ಮ ಪಕ್ಷವನ್ನೇ ವಾದಿಸುತ್ತೇನೆ," ಎಂದ ಏಚಿಮಯ್ಯನು, ಕೇತಯ್ಯನು ಏಕೆ ವಧೆಗೆ ಅರ್ಹನೆಂಬುದನ್ನು ಸ್ಮೃತಿವಾಕ್ಯಗಳ ಆಧಾರದೊಂದಿಗೆ ಒಂದೊಂದಾಗಿ ನಿರೂಪಿಸಿದನು. ಸಭಾಸದರು ತಲೆದೂಗಿದರು. ಏಚಿಮಯ್ಯನು ಅರಸನತ್ತ ತಿರುಗಿದನು.

"ಈಗ ನಾನಾಡಿದ್ದು ಪೂರ್ವಪಕ್ಷ, ಪ್ರಭು. ಮಗನಂತೆ ಸಾಕಿದವನ ಸಾವನ್ನು ನಾನು ಬಯಸಿದೆನೆಂದು ಇಲ್ಲಿ ಯಾರಾದರೂ ನಂಬುವಿರಾ?"

ಬೀರರಸನು ಎದ್ದು ನಿಂತನು. "ಕೇತಯ್ಯನವರನ್ನು ಗೌರವದಿಂದ ಕರೆತನ್ನಿ."

ಸೆರೆಮನೆಯ ಅಧಿಕಾರಿ ಒಬ್ಬನೇ ಬಂದು ನೆಲಕ್ಕೆ ಬಿದ್ದನು. "ಬೆಳಗಿನ ಜಾವ ಪ್ರಾಣ ಹೋಯಿತು, ಪ್ರಭು. ಬರೆಸಿದವರ ಹೆಸರಿಗಾಗಿ, ಪ್ರಧಾನರ ಅಪ್ಪಣೆಯಂತೆ, ಮೂರು ದಿನ ಹಿಂಸಿಸಿದೆವು. 'ಬರೆದವನು ನಾನು, ಹೊಣೆ ನನ್ನದು' ಎಂಬುದನ್ನು ಬಿಟ್ಟು ಬೇರೆ ಮಾತು ಬರಲಿಲ್ಲ."

ಅರಸನ ಸನ್ನೆಯಂತೆ ಭಟರು ರೇವರಸನ ಖಡ್ಗ ಕಸಿದುಕೊಂಡು ಕೈ ಕಟ್ಟಿದರು. ಏಚಿಮಯ್ಯನು ಅತ್ತ ನೋಡಲೂ ಇಲ್ಲ.

ಅರಸನು ಪೀಠವಿಳಿದು ಬಂದನು. "ನಾನೇನು ಮಾಡಲಿ, ಆಚಾರ್ಯರೆ?"

"ಅವನಿಗೆ ತಂದೆ ತಾಯಿ ಇಲ್ಲ, ಪ್ರಭು. ಚಿತೆಗೆ ಬೆಂಕಿಯಿಡಲು ನನಗೆ ಅಪ್ಪಣೆಯಾಗಲಿ."

ಅಂದು ಮಧ್ಯಾಹ್ನ ವರದೆಯ ದಂಡೆಗೆ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದವನು ಎಪ್ಪತ್ತರ ಗುರು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬನು, ಕಿರೀಟವಿಲ್ಲದೆ ಬರಿಗಾಲಿನಲ್ಲಿ ನಡೆದ ಅರಸ.