ಐವತ್ತಮೂರನೆಯ ಪುಟ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಪ್ರಯೋಗದ ಪುಸ್ತಕ ತೆರೆದವರು ಮಾಲೀಕರು. ಐವತ್ತೊಂದನೆಯ ಪುಟ ಇತ್ತು. ತಿರುವಿದರೆ ಐವತ್ತೈದು. ನಡುವಿನ ಹಾಳೆ ಇರಲಿಲ್ಲ — ಹೊಲಿಗೆಯ ಬುಡದಲ್ಲಿ ಹರಿದ ಅಂಚು ಮಾತ್ರ ಉಳಿದಿತ್ತು.

"ಯಾರ ಕೆಲಸ ಇದು?" ಎಂದರು.

ನಮ್ಮದು ನೀರು ಸೋಸುವ ಮಣ್ಣಿನ ಫಿಲ್ಟರ್ ಮಾಡುವ ಸಣ್ಣ ಕಾರ್ಖಾನೆ. ಜೇಡಿಮಣ್ಣಿಗೆ ಮರದ ಪುಡಿ ಕಲಸಿ ಭಟ್ಟಿಯಲ್ಲಿ ಸುಡುತ್ತೇವೆ. ಪುಡಿ ಉರಿದುಹೋದ ಕಡೆ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ, ನೀರು ಅಲ್ಲಿಂದ ಇಳಿಯುತ್ತದೆ. ಎರಡು ವರ್ಷ ಆ ನೀರು ಆಮೆಯ ಹಾಗೆ ಇಳಿದು ನಮ್ಮೆಲ್ಲರ ಪ್ರಾಣ ತಿಂದಿತ್ತು. ನಲವತ್ತೊಂದನೆಯ ಪ್ರಯೋಗದಲ್ಲಿ ಇದ್ದಕ್ಕಿದ್ದಂತೆ ದುಪ್ಪಟ್ಟು ವೇಗ, ಒಂದು ಕ್ರಿಮಿಯೂ ದಾಟಿರಲಿಲ್ಲ. ಮರದ ಪುಡಿಯ ಬದಲು ಅದರಲ್ಲಿ ಬಿದ್ದಿದ್ದು ಕ್ಯಾಂಟೀನಿನವರು ಸೋಸಿ ಬಿಸಾಡುವ ಟೀ ಚರಟ.

ಚರಟದ ಯೋಚನೆ ಯಾರದು? ಜಗಳ ಹುಟ್ಟಿದ್ದೇ ಅಲ್ಲಿ. ಪ್ರಯೋಗಾಲಯದ ವಿಜ್ಞಾನಿ — ಅಂದರೆ ನನ್ನ ಹೆಂಡತಿ — ತನ್ನದು ಎಂದಳು. ಭಟ್ಟಿ ನೋಡಿಕೊಳ್ಳುವವನು — ಎಲ್ಲರ ಬಾಯಲ್ಲೂ ಭಟ್ಟಿಯಣ್ಣ — ತನ್ನದು ಎಂದ. ಪೇಟೆಂಟ್ ಅರ್ಜಿ ಅಂದೇ ಸಂಜೆ ನಾಲ್ಕಕ್ಕೆ ಹೋಗಬೇಕಿತ್ತು. ಇಬ್ಬರಲ್ಲಿ ಯಾರ ಮಾತು ನಿಜ ಎಂದು ತೋರಿಸಬಲ್ಲ ಬರಹ ಐವತ್ತಮೂರನೆಯ ಪುಟದಲ್ಲಿತ್ತು.

"ಪುಟ ಇದ್ರೆ ಸುಳ್ಳು ಹೊರಬೀಳತ್ತೆ ಅಂತ ಈ ಭಟ್ಟಿಯವನೇ ಹರಿದಿದಾನೆ," ಎಂದರು ಮಾಲೀಕರು. "ಶನಿವಾರ ಕೊನೇಗೆ ಬೀಗ ಹಾಕಿದ್ದು ಇವನೇ. ನಾಲ್ಕು ಗಂಟೆಯೊಳಗೆ ಒಪ್ಪಿಕೊಳ್ಳದಿದ್ರೆ ಮನೆಗೆ ಹೋಗಲಿ."

ಹತ್ತೊಂಬತ್ತು ವರ್ಷ ಆ ಬೆಂಕಿಯ ಮುಂದೆ ನಿಂತ ಮನುಷ್ಯ. ಕಳ್ಳ ಎನಿಸಿಕೊಂಡು ಹೊರಬಿದ್ದರೆ ಬೇರೆ ಯಾವ ಭಟ್ಟಿಯವರೂ ಅವನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅವನು ಒಮ್ಮೆ ನನ್ನ ಮುಖ ನೋಡಿದ. ನಾನು ಗೋಡೆಯ ಗಡಿಯಾರ ನೋಡಿದೆ.

ನಾನು ಯಾರು ಅಂದರೆ, ಇಲ್ಲಿನ ದಾಖಲೆ ಗುಮಾಸ್ತ. ಪ್ರಯೋಗ ಮಾಡಿದವರು ಪುಟ ಬರೆದು ಸಹಿ ಹಾಕಬೇಕು. ಅದರ ಕೆಳಗೆ 'ಓದಿದ್ದೇನೆ' ಎಂದು ನನ್ನ ಸಹಿ ಬೀಳಬೇಕು. ಇದು ನಮ್ಮಲ್ಲಿ ಕಟ್ಟುನಿಟ್ಟು. ಈ ಕಥೆ ಹೇಳುವಾಗ ಈಗಲೂ ನನ್ನ ತಲೆ ತಗ್ಗುತ್ತದೆ, ಆದರೂ ಹೇಳಿಯೇ ತೀರಬೇಕು.

ಮಾಲೀಕರು ಫೋನ್ ಮಾಡಿ ಕರೆಸಿದ್ದು ನನ್ನ ಅತ್ತೆಯನ್ನು. ಪೇಟೆಂಟ್ ಕಚೇರಿಯಲ್ಲಿ ಮೂವತ್ತು ವರ್ಷ ಅರ್ಜಿ ಪರಿಶೀಲಿಸಿ ನಿವೃತ್ತರಾದವರು. ಕೋಪ ಮೂಗಿನ ತುದಿಯಲ್ಲೇ.

"ನನ್ನ ಮಗಳೂ ಇದಾಳೆ ಇದರಲ್ಲಿ. ಪರವಾಗಿಲ್ವಾ?" ಎಂದು ಬಾಗಿಲಲ್ಲೇ ಕೇಳಿದರು.

"ನೀವು ಸ್ವಂತ ಗಂಡನ ಅರ್ಜೀನೇ ವಾಪಸ್ ಕಳಿಸಿದವರಂತೆ," ಎಂದರು ಮಾಲೀಕರು.

"ಎರಡು ಸಲ," ಎಂದರು ಅತ್ತೆ. "ಅಳಿಯಂದಿರೇ, ಪೆನ್ನು ಕಾಗದ ತಗೊಳ್ಳಿ. ನಾನು ಕೇಳ್ತೀನಿ, ನೀವು ಬರ್ಕೊಳ್ಳಿ."

ಬರೆದುಕೊಂಡೆ.

ಮೊದಲು ಮಗಳು.

"ಚರಟ ಹಾಕಿ ಅಂತ ನೀನೇ ಹೇಳಿದ್ಯಾ?"

"ನಾನೇ ಅಮ್ಮ. ಮರದ ಪುಡಿ ಸಾಕು, ಬೇರೆ ಏನಾದ್ರೂ ಉರಿಯೋಂಥದ್ದು ಹಾಕಿ ನೋಡೋಣ ಅಂದಿದ್ದೆ."

"ನಾನು ಕೇಳಿದ್ದು ಚರಟ. 'ಚರಟ' ಅಂದ್ಯಾ, ಇಲ್ವಾ?"

"ನೆನಪಿಲ್ಲ. ಆದ್ರೆ ಹುಡುಕಿದ್ದು ನಾನಮ್ಮ. ಎರಡು ವರ್ಷ ನಿದ್ದೆಗೆಟ್ಟಿದ್ದು ನಾನು. ಅದು ಲೆಕ್ಕಕ್ಕಿಲ್ವಾ?"

"ಇದೆ. ಪುಟ ಹರಿದ್ಯಾ?"

"ಅಮ್ಮಾ... ಇಲ್ಲ."

ಆಮೇಲೆ ಭಟ್ಟಿಯಣ್ಣ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಚರಟ ಯಾಕೆ ಹಾಕಿದ್ರಿ?"

"ಮರದ ಪುಡಿ ಮುಗಿದಿತ್ತಮ್ಮ. ಭಟ್ಟಿ ಕಾದಿತ್ತು. ಕ್ಯಾಂಟೀನಿನ ಹಿಂದೆ ಚರಟ ಒಣಗಿ ಬಿದ್ದಿತ್ತು. ಕೈಯಲ್ಲಿ ಹಿಡಿದು ನೋಡಿದೆ, ಎಲ್ಲ ಒಂದೇ ಸಮ ಇತ್ತು. ಮರದ ಪುಡೀಲಿ ದಪ್ಪ ಸಣ್ಣ ಎರಡೂ ಇರತ್ತೆ."

"ಹಾಗಾದ್ರೆ ಮೇಡಂ ನಿಮಗೆ ಏನೂ ಹೇಳಿರಲಿಲ್ಲ?"

"ನನ್ನ ಮಾತು ಎಲ್ಲ ಆ ಪುಟದಲ್ಲಿದೆ. ಕಳ್ಳ ಅಂದಮೇಲೆ ಬಾಯಿಮಾತು ಯಾರು ನಂಬ್ತಾರೆ? ಪುಟ ಹುಡುಕಿ ಕೊಡಿ, ಓದ್ಕೊಳ್ಳಿ." ಅಷ್ಟು ಹೇಳಿ ಕೈಕಟ್ಟಿ ನಿಂತ.

ಮಾಲೀಕರನ್ನೂ ಬಿಡಲಿಲ್ಲ ಅತ್ತೆ.

"ಒಬ್ಬರದೇ ಹೆಸರಿದ್ರೆ ನಿಮಗೆ ಸಲೀಸು, ಅಲ್ವಾ?"

"ಸಲೀಸು ಹೌದು. ಅದಕ್ಕೆ ಅಂತ ಹರೀತೀನಾ? ಪುಟ ಕಾಣೆಯಾಗಿದೆ ಅಂತ ಗೊತ್ತಾದ್ರೆ ನನ್ನ ಅರ್ಜಿ ಯಾರು ಮೂಸಿ ನೋಡ್ತಾರೆ? ನಿಮಗಿಂತ ಯಾರಿಗೆ ಗೊತ್ತು?"

"ಅದು ಸರಿ." ಆಮೇಲೆ ತಲೆಯೆತ್ತದೆ ನನ್ನನ್ನೇ ಕೇಳಿದರು. "ಆ ಪುಟಕ್ಕೆ ನಿಮ್ಮ ಸಹಿ ಬಿದ್ದಿತ್ತಾ?"

"ಬಿದ್ದಿತ್ತು ಅತ್ತೆ."

"ಏನು ಬರೆದಿತ್ತು?"

"ದಿನಾ ಎಷ್ಟೋ ಪುಟ... ಹೇಗೆ ನೆನಪಿರತ್ತೆ?"

ಅವರು ಪುಸ್ತಕವನ್ನು ಕಿಟಕಿಯ ಬಳಿ ಒಯ್ದು ಒಂದೊಂದೇ ಹಾಳೆ ತಿರುವಿದರು. ಹರಿದ ಅಂಚನ್ನು ಅವರು ಹೆಚ್ಚು ನೋಡಲಿಲ್ಲ. ಐವತ್ತೊಂಬತ್ತನೆಯ ಪುಟದ ಬುಡದಲ್ಲಿ ಬಹಳ ಹೊತ್ತು ಉಗುರಾಡಿಸಿದರು. ಆ ಪುಟದಲ್ಲಿ ಇದ್ದದ್ದು ಯಾವುದೋ ಒಂದು ಕೆಟ್ಟ ಸುಡುವಿಕೆಯ ವಿವರ, ಯಾರಿಗೂ ಬೇಡದ್ದು.

ಮೂರು ಗಂಟೆಗೆ ಎಲ್ಲರನ್ನೂ ಭಟ್ಟಿಯ ಪಕ್ಕದ ಕೋಣೆಗೆ ಕರೆದರು.

"ಹೊಲಿದ ಪುಸ್ತಕ ಇದು," ಎಂದು ಶುರುಮಾಡಿದರು. "ಒಂದು ದೊಡ್ಡ ಕಾಗದ ಮಡಿಸಿದ್ರೆ ಎರಡು ಹಾಳೆ, ನಡುವೆ ದಾರ. ಐವತ್ತಮೂರರ ಹಾಳೆ ಮತ್ತು ಐವತ್ತೊಂಬತ್ತರ ಹಾಳೆ ಒಂದೇ ಕಾಗದದ ಎರಡು ಅರ್ಧ. ಒಂದನ್ನ ಹರಿದ್ರೆ ಏನಾಗತ್ತೆ?"

"ಇನ್ನೊಂದು ಸಡಿಲ ಆಗತ್ತೆ," ಎಂದಳು ನನ್ನ ಹೆಂಡತಿ.

"ಸಡಿಲ ಆಗಿದೆಯಾ? ಎಳೆದು ನೋಡು."

ಅವಳು ಎಳೆದಳು. ಹಾಳೆ ಅಲುಗಲಿಲ್ಲ.

"ಯಾರೋ ತೆಳು ಕಾಗದದ ಪಟ್ಟಿ ಕತ್ತರಿಸಿ ಅಂಟಿಸಿದಾರೆ. ಯಾಕೆ? ಕಳ್ಳತನ ಮುಚ್ಚೋಕಾ? ಪುಟಕ್ಕೆ ಅಚ್ಚಿನ ನಂಬರ್ ಇದೆ, ಐವತ್ತಮೂರು ಇಲ್ಲ ಅನ್ನೋದು ಮಕ್ಕಳಿಗೂ ಕಾಣತ್ತೆ. ಮುಚ್ಚೋಕಲ್ಲ. ಆ ಬೇಡದ ಹಾಳೆ ಬಿದ್ದುಹೋಗಬಾರದು ಅಂತ." ಅತ್ತೆ ಕನ್ನಡಕ ತೆಗೆದರು. "ಕದಿಯೋಕೆ ಬಂದವನಿಗೆ ಪುಸ್ತಕದ ಮೇಲೆ ಕರುಣೆ ಇರಲ್ಲ. ಹರಿದ ಕೈಯೇ ಹೊಲಿಗೆ ಉಳಿಸ್ಕೊಂಡಿದೆ ಅಂದ್ರೆ, ಆ ಪುಸ್ತಕ ಕಾಯೋದೇ ಆ ಕೈಯ ಕೆಲಸ. ಪಟ್ಟಿಯ ಎರಡು ತುದೀನೂ ಓರೆಯಾಗಿ ಕತ್ತರಿಸಿದೆ, ಮೂಲೆ ಏಳದ ಹಾಗೆ. ನನ್ನ ನಿಘಂಟು ರಿಪೇರಿ ಮಾಡ್ಕೊಟ್ಟಾಗಲೂ ಹೀಗೇ ಕತ್ತರಿಸಿದ್ರಿ. ಅಲ್ವಾ ಅಳಿಯಂದಿರೇ?"

ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ.

"ಹೌದು," ಎಂದೆ. "ನಾನೇ."

"ಯಾಕ್ರೀ?" ಎಂದಳು ನನ್ನ ಹೆಂಡತಿ.

ಹೇಳಿದೆ. ಶನಿವಾರ ಮಧ್ಯಾಹ್ನ ಅರ್ಜಿಗೆ ನಕಲು ಮಾಡಲು ಪುಸ್ತಕ ತೆಗೆದಾಗ 'ಚರಟ ನಾನು ಹಾಕಿದೆ' ಎಂಬ ಭಟ್ಟಿಯಣ್ಣನ ಸಾಲು ಕಣ್ಣಿಗೆ ಬಿತ್ತು. ಕೆಳಗೆ 'ಓದಿದ್ದೇನೆ' ಎಂದು ನನ್ನದೇ ಸಹಿ. ಓದಿರಲಿಲ್ಲ, ವರ್ಷಗಳಿಂದ ಯಾವುದನ್ನೂ ಓದದೆ ಸಹಿ ಗೀಚುತ್ತಿದ್ದೆ. ಎರಡು ವರ್ಷ ಅನ್ನ ನೀರು ಮರೆತು ದುಡಿದ ಹೆಂಡತಿಯ ಹೆಸರು ಆ ಒಂದು ಸಾಲಿನಿಂದ ಹೋಗುತ್ತದೆ ಎನಿಸಿತು. ಭಟ್ಟಿಯಣ್ಣ ಟೀಗೆ ಹೋಗಿದ್ದ. ಹರಿದು ಅವನ ಭಟ್ಟಿಯ ಬಾಯಿಗೇ ಹಾಕಿದೆ. ಅವನ ಮೇಲೆ ಅನುಮಾನ ಬೀಳುತ್ತದೆ ಎಂದು ಆಗ ಹೊಳೆದಿರಲಿಲ್ಲ. ಬೆಳಿಗ್ಗೆ ಬಿತ್ತು, ಆಗಲೂ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಯಾವ ಸಬೂಬೂ ಇಲ್ಲ.

"ನಿಮ್ಮನ್ನ ಕೇಳಿದ್ನಾ ನಾನು, ನನಗೋಸ್ಕರ ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೀರಿ ಅಂತ?" ಎಂದಳು ನನ್ನ ಹೆಂಡತಿ. ಆಮೇಲೆ ನನ್ನ ಕಡೆ ನೋಡಲಿಲ್ಲ.

ಮಾಲೀಕರು ಭಟ್ಟಿಯಣ್ಣನ ಮುಂದೆ ಹೋಗಿ ಕೈಮುಗಿದರು. "ತಪ್ಪಾಯ್ತು. ಅರ್ಜೀಲಿ ನಿಮ್ಮ ಹೆಸರೇ ಹಾಕ್ತೀನಿ."

"ಒಬ್ಬರದೇ ಹಾಕಿದ್ರೆ ಅದೂ ಸುಳ್ಳೇ," ಎಂದರು ಅತ್ತೆ. "ಮೂವತ್ತು ವರ್ಷದಲ್ಲಿ ಒಂದೇ ತಲೆಯಿಂದ ಬಂದ ಹೊಸದು ನಾನು ಒಂದೂ ನೋಡಿಲ್ಲ. ಒಬ್ಬರಿಗೆ ಇದು ಸಾಲದು ಅನ್ಸತ್ತೆ, ಇನ್ನೊಬ್ಬರ ಕೈಗೆ ಅಂದಾಜು ಗೊತ್ತಿರತ್ತೆ, ನಡುವೆ ಯಾವುದೋ ಸಾಮಾನು ಮುಗಿದಿರತ್ತೆ. ಆದ್ರೆ ಮಗಳೇ, ಬೇರೆ ಏನಾದ್ರೂ ಹಾಕಿ ಅಂತ ನೀನು ಹೇಳಿದ್ದಕ್ಕೆ ಗುರುತು ಎಲ್ಲಿ?"

ಅವಳು ತಲೆಯಾಡಿಸಿದಳು. ಗುರುತು ಇರಲಿಲ್ಲ.

"ಇತ್ತಮ್ಮ," ಎಂದ ಭಟ್ಟಿಯಣ್ಣ. "ಅದೇ ಪುಟದ ಮೊದಲನೇ ಸಾಲು. 'ಪುಡಿ ಬಿಟ್ಟು ಬೇರೆ ಉರಿಯುವುದನ್ನು ಹಾಕಿ ನೋಡಿ ಎಂದು ಮೇಡಂ ಹೇಳಿದ್ದರಿಂದ' ಅಂತ ಬರೆದಿದ್ದೆ. ಅವರು ಹೇಳದಿದ್ರೆ ನಾನು ಚರಟ ಮುಟ್ತಾನೂ ಇರಲಿಲ್ಲ. ಪುಟ ಇಲ್ದಿದ್ರೂ ನಾನು ಹೇಳ್ತೀನಿ, ಬರ್ಕೊಳ್ಳಿ. ಇಬ್ಬರ ಹೆಸರೂ ಹಾಕಿ."

ಮಾಲೀಕರು ಪೆನ್ನು ತೆಗೆದರು. ಭಟ್ಟಿಯಣ್ಣ ನನ್ನ ಕಡೆ ತಿರುಗಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಮೇಡಂ ಹೆಸರು ಮೇಲೇನೇ ಇತ್ತಲ್ಲ ಸಾರ್," ಎಂದ. "ಸುಡೋ ಮುಂಚೆಯಾದ್ರೂ ಒಂದ್ಸಲ ಓದಲಿಲ್ವಾ?"

"ಇಲ್ಲ," ಎಂದೆ.