ಕೊಂಬಿನೊಳಗಿನ ಕೂದಲು

“ಈ ಮನೇಲಿ ಯಾರ ಕೈಗೂ ತಲೆ ಕೊಡಬೇಡ ಮಗಾ. ಕೂದಲು ಬೆಳೆದು ಕಾಲಿಗೆ ತೊಡರಿದ್ರೂ ಸೈ,” ಎಂದಳು ಪೀಪಾಯಿ ತೊಳೆಯುತ್ತಿದ್ದ ಸೀನಾ ಮುದುಕಿ.

ಡೆವಾಲ್ಡ್ ನಕ್ಕ. ಅದೇನು ನಗೆ! ಬೆಟ್ಟದ ಬಬೂನ್ ಕೋತಿಗಳು ಬೆಚ್ಚಿ ಮರಿಗಳನ್ನೇ ಕೈಬಿಟ್ಟವು. ಜೊಹಾನ್ಸ್‌ಬರ್ಗ್‌ನಲ್ಲಿ ರಸಾಯನಶಾಸ್ತ್ರ ಓದಿದವನು. ಬಿಟರ್‌ಕ್ಲೂಫ್ ದ್ರಾಕ್ಷಿತೋಟದ ಒಬ್ಬಳೇ ಮಗಳು ಅಲೆಟ್ಟಾಳನ್ನು ಮದುವೆಯಾಗಿ ಬಂದವನು.

“ಆಂಟಿ, ಇಲ್ಲಿ ದೆವ್ವಾನೂ ಕುಡಿದು ಬಿದ್ದಿರುತ್ತೆ. ಮಾಟ ಎಲ್ಲಿಂದ ಮಾಡುತ್ತೆ?”

ಆ ಸಂಜೆಯೇ ಜಗಲಿಯಲ್ಲಿ ಅಲೆಟ್ಟಾ ಅವನ ಕೂದಲು ಕತ್ತರಿಸಿದಳು. ಕತ್ತರಿಯ ತಣ್ಣನೆಯ ಕಚಕಚ, ಕಿವಿಯ ಹಿಂದೊಂದು ಮುತ್ತು. ಅಂಗಳದ ಕೆಂಡದ ಮೇಲೆ ಕುರಿಮಾಂಸ ಸುಡುತ್ತಿದ್ದ ಮಾವ ಫ್ಲೋರಿಸ್, “ಈಗ ನೀನು ನಮ್ಮನೆಯವನು ಕಣೋ,” ಎಂದು ಬೆನ್ನು ತಟ್ಟಿದ.

ಬಿಟರ್‌ಕ್ಲೂಫ್‌ನ ಕೆಂಪು ವೈನ್ ಎಂದರೆ ಹೆಣವೂ ಎದ್ದು ಇನ್ನೊಂದು ಲೋಟ ಕೇಳುವಂಥದ್ದು. ಶಿರಾಜ್, ಪಿನೊಟಾಜ್, ಸಿನ್ಸೊ—ಮೂರು ದ್ರಾಕ್ಷಿಗಳ ಮಿಶ್ರಣ. ತೋಟಕ್ಕೆ ವಿಷ ಸೋಕಿಸುವುದಿಲ್ಲ. ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲದುದ್ದಕ್ಕೂ ಹೂತಿಟ್ಟು, ವಸಂತದಲ್ಲಿ ಅಗೆದು, ನೀರಲ್ಲಿ ಕದಡಿ ಬಳ್ಳಿಗಳಿಗೆ ಚಿಮುಕಿಸುವುದೇ ಅವರ ಗೊಬ್ಬರ. ಆದರೂ ಬಳ್ಳಿಗಳು ಕೆಲವು ವರ್ಷಗಳಿಂದ ಬೇರಿನಿಂದಲೇ ಒಣಗುತ್ತಿದ್ದವು.

ಕೊಂಬುಗಳು ಮಣ್ಣು ಸೇರಿದವು. ಡೆವಾಲ್ಡ್ ಹಾಸಿಗೆ ಸೇರಿದ. ಬಾಯಲ್ಲಿ ಸದಾ ಒದ್ದೆ ಮಣ್ಣಿನ ರುಚಿ, ಉಸಿರಲ್ಲಿ ಸಗಣಿಯ ವಾಸನೆ. ಗೂಳಿಯಂಥ ಆಳು, ಗಾಳಿಗೆ ಒಣಹಾಕಿದ ಅಂಗಿಯಂತಾದ. ವೈದ್ಯರಿಗೆ ಏನೂ ಸಿಗಲಿಲ್ಲ. ಹೊರಗೆ, ಇಡೀ ಕಣಿವೆ ಎಲೆಯುದುರಿ ಮಲಗಿದ್ದಾಗ, ಬಿಟರ್‌ಕ್ಲೂಫ್‌ನ ಒಣಬಳ್ಳಿಗಳು ಮಾತ್ರ ಚಿಗುರಿದವು. ಕೆಂಪಗೆ.

ಗಂಜಿ ತಂದ ಸೀನಾ ಪಿಸುಗುಟ್ಟಿದಳು: “ಇವರಜ್ಜ ನಮ್ಮಜ್ಜೀನ ಈ ನೆಲದಿಂದ ಓಡಿಸಿದ. ‘ಮೊಮ್ಮಕ್ಕಳ ಕಾಲಕ್ಕೆ ನಿಮ್ಮನೆಯವರೊಬ್ಬರನ್ನ ಕುಡೀದೆ ಈ ಮಣ್ಣು ಹಣ್ಣು ಬಿಡಲ್ಲ’ ಅಂತ ಅವಳು ಶಾಪ ಹಾಕಿದ್ಲು. ಅಳಿಯನೂ ಮನೆಯವನೇ ತಾನೇ? ಹೋಗು, ಕೊಂಬು ಅಗೆದು ತೆಗಿ. ಕಲ್ಲಿಗೆ ಬಡಿದು ಒಡಿ. ಅದು ನೀರಿಗೆ ಬಿತ್ತೋ, ಮುಗೀತು.”

ಈ ಸಲ ಅವನು ನಗಲಿಲ್ಲ.

ನಡುಹಗಲು. ತೆವಳುತ್ತಾ ಹೋಗಿ ಉಗುರಿನಿಂದಲೇ ಅಗೆದ. ಒಂದು ಕೊಂಬು ಬೆಚ್ಚಗಿತ್ತು. ಮಿಡಿಯುತ್ತಿತ್ತು. ಅದರ ಬಾಯಲ್ಲಿ ಅವನದೇ ಕೂದಲ ಉಂಡೆ. ಸುತ್ತ ಅಲೆಟ್ಟಾಳ ಮದುವೆಯುಡುಗೆಯ ನೀಲಿ ಪಟ್ಟಿ.

ಹಿಂದೆ ಹೆಜ್ಜೆ ಸದ್ದು.

“ನೀನೇನಾ?”

ಅಲೆಟ್ಟಾ ಮೊಣಕಾಲೂರಿ ಬಿಕ್ಕಿದಳು. “ಅಪ್ಪ ಹೇಳಿದ್ರು... ನೀನು, ಇಲ್ಲಾ ನಾನು. ಹೆದರಿಬಿಟ್ಟೆ ಕಣೋ. ಕೊಡಿಲ್ಲಿ, ನಾನೇ ಒಡೀತೀನಿ.”

ಅವನು ಕೊಂಬನ್ನು ಕಲ್ಲಿಗೆ ಬಡಿದ. ಮುಷ್ಟಿಯಲ್ಲಿ ಕಸುವಿಲ್ಲ. ಮತ್ತೆ ಬಡಿದ. ಗೀರೂ ಬೀಳಲಿಲ್ಲ. ಅವಳ ಮುಖ ನೋಡಿದ. ಅವೇ ಕಣ್ಣು. ಅದೇ ಕಣ್ಣೀರು. ಕಿವಿಯ ಹಿಂದೆ ಮುತ್ತಿಟ್ಟ ಅದೇ ತುಟಿ.

ಕೊಟ್ಟ.

ಅವಳು ಎದ್ದಳು. ಕಲ್ಲನ್ನು ದಾಟಿದಳು. ಗೊಬ್ಬರ ಕದಡುವ ನೀರಿನ ತೊಟ್ಟಿಯ ಬಳಿ ಮಾವ ಕೋಲು ಹಿಡಿದು ನಿಂತಿದ್ದ.

“ಅಲೆಟ್ಟಾ!”

ಬುಳಕ್.

ಕೋಲು ಬಲಕ್ಕೆ ತಿರುಗಿತು. ಅವನ ಉಸಿರೂ ತಿರುಗಿತು. ಎಡಕ್ಕೆ. ಕಣ್ಣು ಕತ್ತಲಾಯಿತು. ಬಲಕ್ಕೆ. ಎದೆ ಬರಿದಾಯಿತು. ನೀರು ಸುಳಿಗಟ್ಟಿ ಅವನದೇ ದನಿಯಲ್ಲಿ ಒಮ್ಮೆ ಕೂಗಿತು.

ಆ ಸುಗ್ಗಿಯಲ್ಲಿ ಗೊನೆಗಳ ಭಾರಕ್ಕೆ ಬೆಟ್ಟವೇ ಒಂದು ಮೊಳ ಕುಸಿಯಿತು. ವೈನ್ ಸವಿದವರೆಲ್ಲ ಕಣ್ಣು ಮುಚ್ಚಿ ಕೇಳುತ್ತಾರೆ: “ಕೊನೇಲಿ ನಾಲಿಗೆ ಮೇಲೆ ಅದೇನೋ ಉಳಿಯುತ್ತಲ್ಲಾ, ಏನಮ್ಮಾ ಅದು?”

ಅಲೆಟ್ಟಾ ಲೋಟ ತುಂಬಿಸುತ್ತಾ ಹೇಳುತ್ತಾಳೆ:

“ನಮ್ಮನೆಯವರ ಕೈಗುಣ.”